ಮುನ್ನೂರ ಹನ್ನೆರಡು ಜನ ಹೇಳಿದ ನೀರು

ನಮ್ಮ ಕಾಲೇಜಿನ ಮುಂಬಾಗಿಲು ದಾಟಿದರೆ ಎಡಗಡೆ ಗೋಡೆಗೆ ದೊಡ್ಡದೊಂದು ಟಿವಿ ಹಾಕಿದ್ದಾರೆ. ಅದರಲ್ಲಿ ಕ್ರಿಕೆಟ್ ಬರುವುದಿಲ್ಲ. ಅಧ್ಯಾಪಕರ ಹೆಸರುಗಳು ಬರುತ್ತವೆ, ಹೆಸರಿನ ಮುಂದೆ ಎರಡು ಸಂಖ್ಯೆಗಳು. ಮೊದಲನೆಯದು ಅವರು ಎಷ್ಟು ಸಂಶೋಧನಾ ಪ್ರಬಂಧ ಬರೆದಿದ್ದಾರೆ ಎಂಬುದು. ಎರಡನೆಯದು ಆ ಪ್ರಬಂಧಗಳನ್ನು ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದು. ಇದಕ್ಕೆ ಸೈಟೇಶನ್ ಅನ್ನುತ್ತಾರೆ. ಪ್ರತಿ ಸೋಮವಾರ ಸಂಖ್ಯೆ ಬದಲಾಗುತ್ತದೆ. ಪಿಎಚ್.ಡಿ. ಮಾಡಿದವರು, ತಲೆ ನರೆತವರು, ಊಟದ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಟಿವಿ ಮುಂದೆ ನಿಂತು, ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡುವ ಮಕ್ಕಳ ಹಾಗೆ ತಮ್ಮ ಹೆಸರು ಹುಡುಕುತ್ತಾರೆ. ಯಾರಿಗೂ ನಾಚಿಕೆ ಇಲ್ಲ.

ಟಿವಿ ಹಾಕಿಸಿದವರು ನಮ್ಮ ಡೀನ್ ನಿರಂಜನ್. ಅವರ ಸೈಟೇಶನ್ ನಾಲ್ಕು ಸಾವಿರ ದಾಟಿದೆ. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಅಸಿಸ್ಟೆಂಟ್. ಅವರು ಅಲ್ಲಿಗೆ ಕಾಲಿಟ್ಟದ್ದನ್ನು ಕೊನೆಯ ಸಲ ನೋಡಿದ್ದು, ಬೆಂಕಿ ಆರಿಸುವ ಸಿಲಿಂಡರು ಪರೀಕ್ಷಿಸಲು ಬಂದವರಿಗೆ ದಾರಿ ತೋರಿಸಲು ಬಂದಾಗ. ಹಾಗಾದರೆ ನಾಲ್ಕು ಸಾವಿರ ಎಲ್ಲಿಂದ ಬಂತು? ನಮ್ಮೂರ ಕಡೆ ರಾಗಿ ಹೊಲದ ಕಳೆಗೆ ಮುಯ್ಯಾಳು ಅಂತ ಒಂದು ಪದ್ಧತಿ ಇತ್ತು. ಇವತ್ತು ನೀವೆಲ್ಲ ನಮ್ಮ ಹೊಲಕ್ಕೆ ಬನ್ನಿ, ನಾಳೆ ನಾವು ನಿಮ್ಮ ಹೊಲಕ್ಕೆ ಬರುತ್ತೇವೆ. ಡೀನ್ ಸಾಹೇಬರೂ ತುಮಕೂರು ರಸ್ತೆಯ ಆಚೀಚೆಯ ಏಳೆಂಟು ಕಾಲೇಜಿನ ಗೆಳೆಯರೂ ಅದನ್ನೇ ಮಾಡುತ್ತಾರೆ. ಅವರ ಪ್ರಬಂಧದಲ್ಲಿ ಇವರ ಹೆಸರು, ಇವರ ಪ್ರಬಂಧದಲ್ಲಿ ಅವರ ಹೆಸರು. ಒಂದೇ ವ್ಯತ್ಯಾಸ. ನಮ್ಮ ಮುಯ್ಯಾಳಿನಲ್ಲಿ ಸಂಜೆ ಹೊತ್ತಿಗೆ ಕಳೆ ಹೋಗಿರುತ್ತಿತ್ತು.

ಈ ಗುಂಪಿಗೆ ಸೇರದವರು ಡಾಕ್ಟರ್ ಸಂಯುಕ್ತಾ. ಆರ್.ಟಿ. ನಗರದಿಂದ ಬರುತ್ತಾರೆ, ದಿನವಿಡೀ ಲ್ಯಾಬಿನಲ್ಲೇ ಇರುತ್ತಾರೆ, ಗಾಜಿನ ಪಾತ್ರೆಗಳನ್ನು ತಾವೇ ತೊಳೆಯುತ್ತಾರೆ. ಹದಿನೈದು ವರ್ಷಕ್ಕೆ ಹನ್ನೊಂದೇ ಪ್ರಬಂಧ. ಹತ್ತು ಪ್ರಬಂಧಗಳನ್ನು ಯಾರೂ ಹೆಚ್ಚು ಕೇಳಿಲ್ಲ. ಹನ್ನೊಂದನೆಯದಕ್ಕೆ ಮಾತ್ರ ಮುನ್ನೂರ ಹನ್ನೆರಡು ಸೈಟೇಶನ್.

ಅದರ ವಿಷಯ ಇಷ್ಟು. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ಕುಡಿಯುತ್ತಾ ಬೆಳೆದ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ಹೆಚ್ಚಾದರೆ ಮೂಳೆಗೂ ತೊಂದರೆ. ಏಳು ವರ್ಷದ ಹಿಂದೆ ಮೇಡಮ್ಮು ರಾಗಿ ಹೊಟ್ಟನ್ನು ಸುಟ್ಟು ಇದ್ದಿಲು ಮಾಡಿ, ಅದರ ಫಿಲ್ಟರನ್ನು ಪಕ್ಕದ ಕೋಗಿಲು ಎಂಬ ಊರಿನ ಒಂದು ಬೀದಿಯ ನೀರಿನ ಟ್ಯಾಂಕಿಗೆ ಹಾಕಿಸಿದರು. ಮೊದಲ ತಿಂಗಳು ಬೋರಿನ ಬಾಯಲ್ಲಿ ಹಿಡಿದ ನೀರಿನಲ್ಲಿ ಮೂರು ಪಾಯಿಂಟ್ ನಾಲ್ಕು ಇತ್ತು. ಮೂರನೇ ತಿಂಗಳು ಫಿಲ್ಟರ್ ದಾಟಿ ಬಂದ ನಲ್ಲಿ ನೀರಿನಲ್ಲಿ ಸೊನ್ನೆ ಪಾಯಿಂಟ್ ಆರು. ನೀರು ಹಿಡಿದು ತರುತ್ತಿದ್ದವನು ನಾನು. ಪ್ರಬಂಧದ ಕೊನೆಯಲ್ಲಿ ವಂದನೆ ಹೇಳುವ ಜಾಗದಲ್ಲಿ ಪಿಳ್ಳಣ್ಣ ಅಂತ ನನ್ನ ಹೆಸರೂ ಇತ್ತು.

ಈ ವರ್ಷ ನಮ್ಮ ಚೇರ್ಮನ್ ಚಿಕ್ಕಬೈರಪ್ಪನವರಿಗೆ ಮುನ್ನೂರ ಹನ್ನೆರಡರ ಸುದ್ದಿ ತಲುಪಿತು. ಅವರು ನಮ್ಮೂರಿನವರೇ. ಹೊಲಗಳನ್ನು ಲೇಔಟ್ ಮಾಡಿ, ಲೇಔಟಿನ ಮಧ್ಯೆ ಈ ಕಾಲೇಜು ಕಟ್ಟಿದವರು. ಚಿಕ್ಕಜಾಲದ ಆಚೆ ಒಂದು ಹಳ್ಳಿಯ ಸರ್ಕಾರಿ ಶಾಲೆಯನ್ನು ದತ್ತು ತೆಗೆದುಕೊಂಡಿದ್ದರು. ಅಲ್ಲಿನ ಮಕ್ಕಳು ಕ್ಯಾನ್ ನೀರು ಕುಡಿಯುತ್ತಿದ್ದರು. ಚೇರ್ಮನ್ನರು, "ನಮ್ ಕಾಲೇಜಿನ ಫಿಲ್ಟರ್ ಹಾಕಿಸಿ, ಕ್ಯಾನ್ ನಿಲ್ಲಿಸಿ, ಬೋರಿನ ನೀರೇ ಕೊಡಿ" ಎಂದು ಅಪ್ಪಣೆ ಮಾಡಿದರು. ಶುಕ್ರವಾರ ಉದ್ಘಾಟನೆ. ಸೋಮವಾರದಿಂದ ಕ್ಯಾನ್ ಬಂದ್.

ಬೇರೆ ಯಾರಾದರೂ ಆಗಿದ್ದರೆ ಸೀರೆ ಇಸ್ತ್ರಿ ಮಾಡಿಸಿಕೊಂಡು ಶುಕ್ರವಾರಕ್ಕೆ ಕಾಯುತ್ತಿದ್ದರು. ಮೇಡಮ್ಮು ಮಾತ್ರ ಆ ಶಾಲೆಯ ಬೋರಿನ ನೀರನ್ನು ತರಿಸಿ ಫಿಲ್ಟರಿನಲ್ಲಿ ಬಿಟ್ಟು ನೋಡಿದರು. ಹೋಗುವಾಗ ಮೂರು ಪಾಯಿಂಟ್ ಒಂದು. ಬರುವಾಗ ಎರಡು ಪಾಯಿಂಟ್ ಒಂಬತ್ತು. ಇದ್ದಿಲು ಬದಲಾಯಿಸಿದರು. ಮೀಟರ್ ಬದಲಾಯಿಸಿದರು. ಮೂರು ದಿನ ಅದೇ ಎರಡು ಪಾಯಿಂಟ್ ಒಂಬತ್ತು.

"ಪಿಳ್ಳಣ್ಣ, ಕೋಗಿಲಿನಲ್ಲಿ ಮಾತ್ರ ಅಷ್ಟು ಚೆನ್ನಾಗಿ ಹೇಗೆ ಕಡಿಮೆ ಆಯ್ತು?" ಎಂದರು. ಸ್ಟೂಲಿನ ಮೇಲೆ ಕೂತು ತಮ್ಮನ್ನು ತಾವೇ ಕೇಳಿಕೊಳ್ಳುವ ಹಾಗಿತ್ತು.

"ಅದು ಕಡಿಮೆನೇ ಇರುತ್ತೆ ಬಿಡಿ ಮೇಡಮ್, ಟ್ಯಾಂಕರ್ ನೀರು" ಎಂದೆ ನಾನು, ಬ್ಯೂರೆಟ್ ಒರೆಸುತ್ತಾ.

"ಯಾವ ಟ್ಯಾಂಕರ್?"

"ಮಾರ್ಚಿ ಬಂದ್ಮೇಲೆ ಬೋರು ನಿಂತೋಗಿತ್ತಲ್ಲ. ನೀರು ಬಿಡೋ ಬೈರಣ್ಣ ದೂರದಿಂದ ಒಳ್ಳೆ ನೀರಿನ ಟ್ಯಾಂಕರ್ ತರಿಸಿ ಅದೇ ಟ್ಯಾಂಕಿಗೆ ತುಂಬಿಸ್ತಿದ್ದ."

ಅವರು ನನ್ನನ್ನೇ ನೋಡಿದರು. "ನನಗೆ ಯಾಕೆ ಹೇಳ್ಲಿಲ್ಲ?"

"ನೀವು ನಲ್ಲಿ ನೀರು ತಗೊಂಬಾ ಅಂದ್ರಿ. ನಲ್ಲೀಲೇ ಹಿಡ್ಕೊಂಬಂದೆ."

ಹೇಳುವುದಕ್ಕೆ ಏನಿತ್ತು? ಬೇಸಿಗೆಯಲ್ಲಿ ಬೋರು ನಿಲ್ಲುವುದು, ಟ್ಯಾಂಕರ್ ಬರುವುದು ನಮ್ಮ ಕಡೆ ಸುದ್ದಿಯೇ ಅಲ್ಲ. ಬೆಳಗಾಯಿತು ಅಂತ ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ? ಅವರ ಮನೆಗೆ ಕಾವೇರಿ ನೀರು ಬರುತ್ತದೆ. ನಲ್ಲಿಯ ಹಿಂದೆ ಯಾವತ್ತೂ ಒಂದೇ ನೀರು ಇರುತ್ತದೆ ಅಂತ ನಂಬಿದ್ದರು. ಎರಡನೇ ಸಲ ಬೋರಿನ ನೀರನ್ನು ಹಿಡಿಸಲೇ ಇಲ್ಲ. ಹೀಗೆ ಒಬ್ಬರು ಕೇಳಲಿಲ್ಲ, ಇನ್ನೊಬ್ಬ ಹೇಳಲಿಲ್ಲ. ನಡುವೆ ವಿಜ್ಞಾನ ಮುಂದುವರಿಯಿತು.

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. "ನಾನೇ ಕೇಳಬೇಕಿತ್ತು" ಎಂದು ಹೇಳಿ, ಪ್ರಬಂಧವನ್ನು ವಾಪಸು ಪಡೆಯುತ್ತೇನೆ ಎಂದು ಅದನ್ನು ಪ್ರಕಟಿಸಿದ ಪತ್ರಿಕೆಗೆ ಅವತ್ತೇ ಬರೆದರು. ಆಮೇಲೆ ಎರಡು ರಾತ್ರಿ ಕೂತು ಮುನ್ನೂರ ಹನ್ನೆರಡನ್ನೂ ಒಂದೊಂದಾಗಿ ತೆಗೆದು, ತಮ್ಮ ಪ್ರಬಂಧದ ಮಾತು ಬಂದ ಜಾಗ ಓದಿದರು. ಮುನ್ನೂರ ಒಂದರಲ್ಲಿ ಒಂದೇ ಸಾಲು: ರಾಗಿ ಹೊಟ್ಟಿನ ಇದ್ದಿಲು ಫ್ಲೋರೈಡನ್ನು ತೆಗೆಯುತ್ತದೆ. ಅಷ್ಟೇ. ಒಬ್ಬರೂ ಮಾಡಿ ನೋಡಿದವರಲ್ಲ. ಒಂದು ಪ್ರಬಂಧವಂತೂ ಗೋಡೆಗೆ ಹೊಡೆಯುವ ಬಣ್ಣದ ಬಗ್ಗೆ ಇತ್ತು. ಮಾಡಿ ನೋಡಿದವರು ಹನ್ನೊಂದು ಜನ. ಹನ್ನೊಂದು ಜನವೂ ಬರೆದಿದ್ದರು, ನಮಗೆ ಆ ಫಲಿತಾಂಶ ಬರಲಿಲ್ಲ ಎಂದು.

ಪ್ರಬಂಧ ವಾಪಸಿನ ಸುದ್ದಿ ಹಬ್ಬಿ, ಬುಧವಾರ ಚೇರ್ಮನ್ನರ ಕೋಣೆಗೆ ಕರೆ ಬಂತು. ಮೇಡಮ್ಮು ನನ್ನನ್ನೂ ಕರೆದುಕೊಂಡು ಹೋದರು. ಡೀನ್ ಆಗಲೇ ಅಲ್ಲಿ ಕೂತಿದ್ದರು.

"ಮೇಡಮ್, ಮುಂದಿನ ತಿಂಗಳು ಕಾಲೇಜಿಗೆ ಗ್ರೇಡ್ ಕೊಡೋ ಕಮಿಟಿ ಬರ್ತಿದೆ" ಎಂದರು ಡೀನ್. "ನಿಮ್ಮ ಒಂದು ಪೇಪರ್ ಮೇಲೆ ಡಿಪಾರ್ಟ್‌ಮೆಂಟಿನ ಇಂಪ್ಯಾಕ್ಟ್ ನಿಂತಿದೆ. ಅದನ್ನ ಎಳೆದ್ರೆ ಉಳಿಯೋದೇನು?"

"ಸರ್, ಅದು ತಪ್ಪು. ಮಾಡಿ ನೋಡಿದ ಹನ್ನೊಂದು ಜನ ತಪ್ಪು ಅಂದಿದ್ದಾರೆ."

"ಆ ಹನ್ನೊಂದೂ ಸೈಟೇಶನ್ನೇ ಮೇಡಮ್. ಬೈದ್ರೂ ಲೆಕ್ಕಕ್ಕೆ ಬರುತ್ತೆ."

ಚೇರ್ಮನ್ನರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಮೇಡಮ್ಮೋರೆ, ನಾನು ಓದ್ದೋನಲ್ಲ, ಬಿಡ್ಸಿ ಏಳಿ. ಸರಿ ಅಂದೋರು ಎಷ್ಟ್ ಜನ?"

"ಸರಿ ಅಂತ ಅಲ್ಲ ಸರ್, ಸುಮ್ಮನೆ ಬರೆದವರು ಮುನ್ನೂರ ಒಂದು."

"ತಪ್ಪು ಅಂತ ಈಗ ನೀವ್ ಏಳ್ತಾ ಇದೀರಲ್ಲ, ಈ ಮಾತನ್ನ ಎಷ್ಟ್ ಜನ ಸೈಟೇಶನ್ ಮಾಡವ್ರೆ?"

"ಯಾರೂ ಇಲ್ಲ. ಮೊನ್ನೆ ತಾನೇ ಗೊತ್ತಾಗಿದ್ದು."

"ಮತ್ತೆ? ಎಲೆಕ್ಷನ್ನಾಗೆ ಸೊನ್ನೆ ಓಟು ತಗೊಂಡೋನು ನಾನೇ ಎಮ್ಮೆಲ್ಲೆ ಅಂದ್ರೆ ಒಪ್ತಾರಾ?"

ನನಗೆ ತಡೆಯಲಾಗಲಿಲ್ಲ. "ಅಣ್ಣಾ, ಆ ಮುನ್ನೂರು ಜನ ಕೋಗಿಲು ಯಾವ್ ಕಡೆ ಐತೆ ಅಂತ ಕಂಡವ್ರಾ? ನೀರು ಹಿಡಿದೋನು ನಾನು. ಟ್ಯಾಂಕರ್ ಕಣ್ಣಾರೆ ನೋಡಿದೋನು ನಾನು. ಫಿಲ್ಟರು ಕೆಲಸ ಮಾಡಲ್ಲ ಅಂತ ಹೇಳ್ತಾವ್ನಿ, ಮಕ್ಕಳು ಕುಡಿಯೋ ನೀರು ಅದು!"

ಡೀನ್ ನನ್ನ ಕಡೆ ತಿರುಗಿ ನಕ್ಕರು. "ಪಿಳ್ಳಣ್ಣ, ನಿಮ್ದು ಎಷ್ಟು ಪಬ್ಲಿಕೇಶನ್ ಇದೆ?"

"ಒಂದೇ ಕಣ್ರೀ. ನನ್ ಮದ್ವೆ ಲಗ್ನಪತ್ರಿಕೆ. ಬಂದೋರು ಎಲ್ರೂ ಅದನ್ನ ಓದಿದ್ರು, ನಿಮ್ದು ಹಂಗಲ್ಲ."

"ಸುಮ್ಕಿರ್ಲಾ ಪಿಳ್ಳ" ಎಂದು ಚೇರ್ಮನ್ನರು ಗದರಿದರು. "ಶುಕ್ರವಾರ ನೀನೇ ಓಗಿ ಫಿಲ್ಟರ್ ಕೂರಿಸ್ಬೇಕು. ಮೇಡಮ್ಮೋರು ಬಂದು ಶಾಲು ಒದಿಸ್ಕಂಬೇಕು. ಆಯ್ತು, ಓಗಿ."

ಶುಕ್ರವಾರ ಬೆಳಿಗ್ಗೆಯೇ ನಾನು ಶಾಲೆಗೆ ಹೋದೆ. ಶಾಮಿಯಾನ ಹಾಕಿದ್ದರು, ಬ್ಯಾನರಿನಲ್ಲಿ ಚೇರ್ಮನ್ನರ ಮುಖ ಬಾವಿಯಷ್ಟು ದೊಡ್ಡದಿತ್ತು. ಹೆಡ್ ಮಿಸ್ ಕೃಷ್ಣಮ್ಮ ಬಿಸಿಯೂಟದ ಅಡುಗೆಮನೆಯಲ್ಲಿ ತರಕಾರಿ ನೋಡುತ್ತಿದ್ದರು. ಐವತ್ತು ದಾಟಿದ ಹೆಂಗಸು, ಅದೇ ಹಳ್ಳಿಯವರು, ಅವರ ಹಲ್ಲೇ ಕಂದು. ನಾನು ಸುತ್ತುಬಳಸಲಿಲ್ಲ. ಟ್ಯಾಂಕರಿನಿಂದ ಹಿಡಿದು ಎರಡು ಪಾಯಿಂಟ್ ಒಂಬತ್ತರವರೆಗೆ ಎಲ್ಲ ಹೇಳಿಬಿಟ್ಟೆ.

ಅವರು ಬೀನ್ಸ್ ಮುರಿಯುತ್ತಲೇ ಕೇಳಿದರು. "ಮತ್ತೆ ಮುನ್ನೂರು ವಿಜ್ಞಾನಿಗಳು ಒಪ್ಪವ್ರೆ ಅಂತ ಬ್ಯಾನರ್ ಹಾಕವ್ರಲ್ಲಪ್ಪ?"

"ಅವ್ರು ಒಪ್ಪೂ ಇಲ್ಲ, ನೋಡೂ ಇಲ್ಲ ಮಿಸ್. ಒಬ್ರು ಬರೆದ್ರು ಅಂತ ಇನ್ನೊಬ್ರು ಬರೆದ್ರು."

"ನಾನು ಬ್ಯಾಡ ಅಂದ್ರೆ ನಾಳೆ ಚೇರ್ಮನ್ರು ಕಟ್ಟಿಸ್ತಿರೋ ಕಾಂಪೌಂಡು ನಿಲ್ತದೆ, ಟಾಯ್ಲೆಟ್ಟು ನಿಲ್ತದೆ. ಅದು ಗೊತ್ತಾ ನಿಂಗೆ?"

ಗೊತ್ತಿತ್ತು. ಅವರು ಕೈ ತೊಳೆದುಕೊಂಡು, "ನೀನು ಪೈಪು ಜೋಡ್ಸು. ಆಮೇಲೆ ನೋಡನ" ಎಂದರು.

ಹನ್ನೊಂದಕ್ಕೆ ಕಾರ್ಯಕ್ರಮ ಶುರುವಾಯಿತು. ಪ್ರಾರ್ಥನೆ, ಸ್ವಾಗತ, ಹಾರ. ಡೀನ್ ಮೈಕಿನಲ್ಲಿ ಹತ್ತು ನಿಮಿಷ ಮಾತಾಡಿ, ನಲವತ್ತು ದೇಶಗಳ ಮುನ್ನೂರ ಹನ್ನೆರಡು ವಿಜ್ಞಾನಿಗಳು ಈ ನೀರಿನ ಬೆನ್ನಿಗಿದ್ದಾರೆ ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಶಾಲು ಹಿಡಿದುಕೊಂಡು ಬಂದಾಗ ಮೇಡಮ್ಮು ಎದ್ದು ನಿಂತು, "ನನಗೆ ಬೇಡ, ಈ ಫಿಲ್ಟರ್ ಕೆಲಸ ಮಾಡಲ್ಲ" ಎಂದರು. ಮೈಕು ದೂರ ಇತ್ತು. ಮುಂದಿನ ಸಾಲಿಗೆ ಮಾತ್ರ ಕೇಳಿಸಿತು. ಡೀನ್ ಸಾಹೇಬರು, "ಮೇಡಮ್ ತುಂಬಾ ಸಿಂಪಲ್" ಎಂದು ಸಭೆಗೆ ಹೇಳಿ ಶಾಲನ್ನು ಕುರ್ಚಿಗೆ ಹೊದಿಸಿದರು.

ಚೇರ್ಮನ್ನರು ರಿಬ್ಬನ್ ಕತ್ತರಿಸಲು ನಲ್ಲಿಯ ಬಳಿ ಬಂದರು. ಆಗ ಕೃಷ್ಣಮ್ಮ ಶಾಲೆಯ ಸಂದರ್ಶಕರ ಪುಸ್ತಕವನ್ನು ತೆರೆದು ಅವರ ಮುಂದೆ ಹಿಡಿದರು. ಶಾಲೆಗೆ ಯಾರು ಬಂದರೂ ಅದರಲ್ಲಿ ಎರಡು ಸಾಲು ಬರೆದು ಸಹಿ ಹಾಕುವುದು ವಾಡಿಕೆ. ಎರಡು ಸಾಲನ್ನು ಅವರೇ ಬರೆದಿಟ್ಟಿದ್ದರು.

"ಏನಮ್ಮಾ ಇದು?"

"ಓದ್ತೀನಿ ಕೇಳಿ ಅಣ್ಣ. 'ಈ ನಲ್ಲಿಯ ನೀರನ್ನು ಮಕ್ಕಳು ಕುಡಿಯಬಹುದು. ಏನಾದರೂ ತೊಂದರೆಯಾದರೆ ನಾನೇ ಜವಾಬ್ದಾರ.' ಇಲ್ಲೊಂದು ಸೈನ್ ಹಾಕ್ಬಿಡಿ."

ಚೇರ್ಮನ್ನರ ಕೈ ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಹೋಯಿತು, ಅಲ್ಲೇ ನಿಂತಿತು. ಸಾವಿರ ಕ್ರಯಪತ್ರ ಕಂಡ ಮನುಷ್ಯ. ಪುಸ್ತಕ ತೆಗೆದುಕೊಂಡು ತಾವೇ ಒಂದು ಸಲ ಓದಿದರು. ಮತ್ತೆ ಓದಿದರು. "ಇದು ಸೈನ್ಸಿನ ವಿಚಾರ ಕಣಮ್ಮ. ನಿರಂಜನ್, ನೀವ್ ಆಕಿ."

ಡೀನ್ ಸಾಹೇಬರಿಗೆ ಆ ಕ್ಷಣದಲ್ಲಿ ಎಲ್ಲಿಲ್ಲದ ವಿನಯ ಬಂತು. "ಸರ್, ನಾನು ನೀರಿನ ಎಕ್ಸ್‌ಪರ್ಟ್ ಅಲ್ಲ. ಇದು ಮೇಡಮ್ಮಿನ ಪೇಪರ್."

"ನಲವತ್ತು ದೇಶ ಅಂದ್ರಲ್ಲ ಸಾರ್" ಎಂದರು ಕೃಷ್ಣಮ್ಮ. "ಒಂದ್ ಸೈನ್ ಆಗಲ್ವಾ?"

"ಅವೆಲ್ಲ ಸೈಟೇಶನ್ನಮ್ಮ. ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆ."

"ಅದೇ ಕೇಳ್ದೆ. ಏನ್ ವ್ಯತ್ಯಾಸ?"

ಫೋಟೋ ತೆಗೆಯುವವನು ಕ್ಯಾಮೆರಾ ಇಳಿಸಿದ. ಸಂಯುಕ್ತಾ ಮೇಡಮ್ಮು ಮುಂದೆ ಬಂದು ಪುಸ್ತಕ ತೆಗೆದುಕೊಂಡರು. ಎರಡು ಸಾಲಿನ ಮೇಲೂ ಅಡ್ಡಗೆರೆ ಎಳೆದು, ಕೆಳಗೆ ನಿಧಾನವಾಗಿ ಬರೆದರು: ಫಿಲ್ಟರಿಗೆ ಮೊದಲು ಮೂರು ಪಾಯಿಂಟ್ ಒಂದು, ನಂತರ ಎರಡು ಪಾಯಿಂಟ್ ಒಂಬತ್ತು, ಈ ನೀರನ್ನು ಕುಡಿಯಬಾರದು, ನನ್ನ ಪ್ರಬಂಧ ತಪ್ಪು. ಹೆಸರು, ಸಹಿ, ತಾರೀಖು. ಅವರ ಹದಿನೈದು ವರ್ಷದ ಕೆಲಸದಲ್ಲಿ ಇಷ್ಟು ಚಿಕ್ಕ ಪ್ರಬಂಧ ಬೇರೆ ಇಲ್ಲ. ನಾಳೆ ಲ್ಯಾಬಿನಲ್ಲಿ ಅವರಿಗೆ ಜಾಗ ಇರುತ್ತದೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಕೃಷ್ಣಮ್ಮ ಅದರ ಮೇಲೆ ಶಾಲೆಯ ಮೊಹರು ಒತ್ತಿದರು. ಚೇರ್ಮನ್ನರು ಯಾರ ಮುಖವನ್ನೂ ನೋಡದೆ, "ಕಾಂಪೌಂಡ್ ಉದ್ಘಾಟನೆ ಅಂತ ಏಳ್ಬಿಡಿ ಮೈಕಾಗೆ" ಎಂದು ಗೋಡೆಯ ಕಡೆಗೆ ನಡೆದರು. ಡೀನ್ ರಿಬ್ಬನ್ ಹಿಡಿದುಕೊಂಡು ಹಿಂದೆ ಓಡಿದರು.

ಕೃಷ್ಣಮ್ಮ ಸೆರಗಿನಿಂದ ಫೋನ್ ತೆಗೆದು ಕ್ಯಾನ್ ನೀರಿನವನಿಗೆ ಹಚ್ಚಿದರು. "ಫೈಜಾನ್, ಸೋಮವಾರದಿಂದ ಬ್ಯಾಡ ಅಂದಿದ್ನಲ್ಲ, ಬೇಕು ಕಣಪ್ಪ. ಎಂದಿನಂಗೆ ಆರು ಕ್ಯಾನು. ಲೇಟ್ ಮಾಡ್ಬೇಡ, ಮಕ್ಕಳು ಎಂಟೂವರೆಗೇ ಬಂದ್ಬಿಡ್ತವೆ."