ಹದಿಮೂರನೆಯ ಗುರುವಾರ

ಸಂಗಪ್ಪನ ಮೇಲೆ ನನಗೆ ಮೂರು ತಿಂಗಳಿಂದ ಸಿಟ್ಟಿತ್ತು. ಸವದತ್ತಿಯ ಅರಳೆ ವ್ಯಾಪಾರಿ, ಒಳ್ಳೆಯ ಮನುಷ್ಯ, ಆದರೆ ತಲೆ ತಿನ್ನುವುದರಲ್ಲಿ ನಿಸ್ಸೀಮ. ನಾನು ಇಂಗ್ಲಿಷ್ ಕಲಿಸಿ ನಿವೃತ್ತನಾದ ಮಾಸ್ತರ. ಎಪ್ಪತ್ತೈದರ ಮಳೆಗಾಲದಲ್ಲಿ ಅವನ ಪಡಸಾಲೆಯಲ್ಲಿ ಪ್ರತಿ ಗುರುವಾರ ಸಂಜೆ ಇಟಲಿಯ ಒಂದು ಹಳೆಯ ಮಹಾಕಾವ್ಯ ಓದತೊಡಗಿದ್ದೆ. ಕವಿ ಜೀವ ಇರುವಾಗಲೇ ನರಕಕ್ಕಿಳಿದು, ಬೆಟ್ಟ ಹತ್ತಿ, ಸ್ವರ್ಗ ಕಂಡು ಬರುವ ಕಥೆ. ಕೈಯಲ್ಲಿ ಇಂಗ್ಲಿಷ್ ಅನುವಾದ, ಬಾಯಲ್ಲಿ ಕನ್ನಡ. ವಾರಕ್ಕೆ ಒಂದೇ ಸರ್ಗ, ಒಟ್ಟು ನೂರು. ಅವಸರ ಮಾಡಬಾರದು ಎಂದು ಮೊದಲ ದಿನವೇ ಹೇಳಿದ್ದೆ.

ಯಾರು ಕೇಳಬೇಕು! ಎರಡನೆಯ ವಾರಕ್ಕೇ ಇವರು ಅದನ್ನು ಪುರಾಣ ಮಾಡಿಬಿಟ್ಟರು. ಪುಸ್ತಕಕ್ಕೆ ಪೀಠ ಬಂತು, ಊದುಬತ್ತಿ ಬಂತು. ನಮ್ಮಲ್ಲಿ ಪುರಾಣ ಹೇಳುವವರು ಸಾವು-ನೋವಿನ ಜಾಗದಲ್ಲಿ ಪುಸ್ತಕ ಮುಚ್ಚುವುದಿಲ್ಲ. ಮದುವೆಯೋ, ವರವೋ, ಕೂಸು ಹುಟ್ಟುವುದೋ ಬರುವವರೆಗೆ ಓದಿ ಮಂಗಳ ಹಾಡಿಸುತ್ತಾರೆ. ನರಕದಲ್ಲಿ ನಾನು ಮದುವೆ ಎಲ್ಲಿಂದ ತರಲಿ?

“ಮಾಸ್ತರ, ಇನ್ನೊಂದೀಟು ಮುಂದ ಓದ್ರಿ,” ಎನ್ನುತ್ತಿದ್ದ ಸಂಗಪ್ಪ. “ಯಾರರೆ ಒಬ್ಬಾಂವ ಪಾರಾಗ್ಲಿ. ಮಂಗಳ ಹಾಡಿ ಏಳೂಣು.”

“ಮೂವತ್ನಾಕು ಸರ್ಗ ಬರೇ ನರಕಾನ ಐತಿ. ಕುಂದ್ರತೀರೇನು?” ಎಂದು ಪುಸ್ತಕವನ್ನು ರಪ್ಪನೆ ಮುಚ್ಚುತ್ತಿದ್ದೆ. ಮಂಗಳವಿಲ್ಲದೆ ಜನ ಗೊಣಗುತ್ತ ಏಳುತ್ತಿದ್ದರು.

ಗೊಣಗದೆ ಹೋಗುತ್ತಿದ್ದವಳು ಹಿಟ್ಟಿನ ಗಿರಣಿಯ ಚನ್ನವ್ವ ಒಬ್ಬಳೇ. ಎರಡು ವರ್ಷದ ಹಿಂದೆ ಅವಳ ಮಗ ನವಿಲುತೀರ್ಥದ ಡ್ಯಾಮಿಗೆ ಹಾರಿಕೊಂಡಿದ್ದ. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಇದು ಊರಿಗೆಲ್ಲ ಗೊತ್ತು, ನನಗೂ ಗೊತ್ತು. ಆದರೂ ಹದಿಮೂರನೆಯ ಸರ್ಗಕ್ಕೆ ಸಿದ್ಧನಾಗುವಾಗ, ಅಲ್ಲಿ ಬರುವ ಮುಳ್ಳುಗಿಡಕ್ಕೆ ಜಾಲಿ ಅನ್ನಲೋ ಬೋರೆ ಅನ್ನಲೋ ಎಂದು ವಾರವಿಡೀ ನಿಘಂಟು ತಡಕಿದೆನೇ ಹೊರತು ಅವಳ ನೆನಪೇ ನನಗಾಗಲಿಲ್ಲ. ನನ್ನ ವಿದ್ಯೆಗೆ ಬೆಂಕಿ ಬೀಳಲಿ.

ಆ ಗುರುವಾರ ಹುಮ್ಮಸ್ಸಿನಿಂದಲೇ ಓದಿದೆ. ತಮ್ಮ ಜೀವ ತಾವೇ ಕಳೆದುಕೊಂಡವರು ಅಲ್ಲಿ ಮುಳ್ಳುಗಿಡವಾಗಿ ನಿಂತಿದ್ದಾರೆ, ಟೊಂಗೆ ಮುರಿದರೆ ರಕ್ತ ಬರುತ್ತದೆ, ಅದರ ಜೊತೆ ಮಾತೂ ಬರುತ್ತದೆ ಎಂದು ವಿವರಿಸಿದೆ. ಸಂಗಪ್ಪ ಎರಡು ಸಲ ಕೆಮ್ಮಿದ. ತಲೆ ಎತ್ತಿದಾಗ ಎಲ್ಲರೂ ನೆಲ ನೋಡುತ್ತಿದ್ದರು, ಚನ್ನವ್ವ ಮಾತ್ರ ನನ್ನನ್ನು ನೋಡುತ್ತಿದ್ದಳು.

“ಮುಂದ ಓದ್ರಿ,” ಎಂದಳು.

ವಾರಕ್ಕೆ ಒಂದೇ ಎಂದು ಹಟ ಹಿಡಿದಿದ್ದ ನಾನು ಹಾಳೆ ತಿರುವಿದೆ. ಮುಂದೆ ಬೆಂಕಿ ಮಳೆ. ಮತ್ತೆ ತಿರುವಿದೆ. ಆ ಗಿಡಗಳಿಗೆ ಬಿಡುಗಡೆ ಎಲ್ಲಿಯೂ ಇರಲಿಲ್ಲ. ಇಲ್ಲವೆಂದು ನನಗೆ ಗೊತ್ತಿತ್ತು, ಆದರೂ ತಿರುವಿದೆ. ಆ ಕವಿ ಎದುರಿಗಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ.

ಸಂಗಪ್ಪ ನನ್ನ ಕಿವಿಯ ಹತ್ತಿರ ಬಾಗಿದ. “ಪಾರಾದ್ರು ಅಂತ ಹೇಳಿಬಿಡ್ರಿ. ಇಲ್ಲಿ ಯಾರಿಗೆ ಇಂಗ್ಲಿಷ್ ಬರತೈತಿ?”

“ಕಡೀಕ ಎಲ್ಲಾರೂ ಪಾರಾಗ್ತಾರ, ಚನ್ನವ್ವ,” ಎಂದೆ.

“ಪುಸ್ತಕ ನೋಡಲಾರದ ಹೇಳಿದ್ರಿ,” ಎಂದಳು ಅವಳು.

ನನಗೆ ನಾಚಿಕೆಯಾಯಿತು. “ಹೌದು. ಪುಸ್ತಕದಾಗ ಇಲ್ಲ. ತಪ್ಪಾತು,” ಎಂದೆ.

ಅವಳು ಸೆರಗು ಸರಿ ಮಾಡಿಕೊಂಡು ಸ್ವಲ್ಪ ಮುಂದೆ ಸರಿದು ಕೂತಳು.

“ಪಾರಾಗೂದು ಬಿಡ್ರಿ. ಆ ಟೊಂಗಿ ಮುರದಾಗ ಮಾತಾಡ್ತಾನ ಅಂದ್ರಲ್ಲ, ಅದು ಪುಸ್ತಕದಾಗ ಐತಿಲ್ಲ?”

“ಐತಿ.”

“ಯಾಕ ಹಿಂಗ ಮಾಡಿಕೊಂಡಿ ಅಂತ ಕೇಳಿದ್ರ, ಹೇಳ್ತಾನೇನು?”

“ಹೇಳ್ತಾನವ್ವ. ಎಲ್ಲಾ ಹೇಳ್ತಾನ.”

“ಮನ್ಯಾಗಿದ್ದಾಗ ಏನ ಕೇಳಿದ್ರೂ ಹೇಳತಿದ್ದಿಲ್ರಿ,” ಎಂದಳು ಚನ್ನವ್ವ. “ಅಷ್ಟ ಇನ್ನೊಮ್ಮೆ ಓದ್ರಿ.”