ಕಾಕಿನಾಡಕ್ಕೆ ಹೊರಟ ಆಫೀಸು

ಗೌರಿಬಿದನೂರಿನಲ್ಲಿ, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಕುಳಿತು ನಾವು ಹನ್ನೊಂದು ಜನ ಸಮುದ್ರದಲ್ಲಿ ಎಣ್ಣೆ ತೆಗೆಯುವವರಿಗೆ ಸಾಮಾನು ತರಿಸಿಕೊಡುತ್ತಿದ್ದೆವು ಎಂದರೆ ಯಾರೂ ನಂಬುವುದಿಲ್ಲ. ನಮ್ಮತ್ತೆ ಏಳು ವರ್ಷವಾದರೂ ನಂಬಿಲ್ಲ. ಕಾಕಿನಾಡದಾಚೆ ಕಡಲಲ್ಲಿ ನಿಂತ ರಿಗ್ಗಿಗೆ ಯಾವ ಬೋಲ್ಟು, ಯಾವ ಪಂಪು ಬೇಕೆಂದು ಅಲ್ಲಿಂದ ಪಟ್ಟಿ ಬರುತ್ತಿತ್ತು. ಸಾಮಾನಿನ ನಂಬರು ಸರಿಯಿದೆಯೇ ಎಂದು ನೋಡಿ ಆರ್ಡರ್ ಹಾಕುವುದು ನಮ್ಮ ಕೆಲಸ. ಬಾಡಿಗೆ ಕಡಿಮೆ, ಇಲ್ಲಿನವರಿಗೆ ತೆಲುಗೂ ಬರುತ್ತದೆ ಎಂದು ಕಂಪನಿ ಅಂದು ಈ ಊರನ್ನು ಹುಡುಕಿಕೊಂಡು ಬಂದಿತ್ತು. ಈಗ ಅದೇ ಕಂಪನಿಗೆ, ಇಲ್ಲಿಂದ ಸಮುದ್ರ ದೂರ ಎಂದು ಹೊಳೆದಿದೆ. ಮುಂಬೈಯಲ್ಲಿ ಕೂತ ದೊಡ್ಡವರಿಗೆ ಒಂದು ಭೂಪಟ ನೋಡಲು ಏಳು ವರ್ಷ ಬೇಕಾಯಿತು.

ಕೆಲಸವನ್ನು ಕಾಕಿನಾಡದ ಗುತ್ತಿಗೆದಾರರಿಗೆ ಒಪ್ಪಿಸುತ್ತೇವೆ, ಮೂರು ತಿಂಗಳು ಇದ್ದು ಅವರಿಗೆ ಕಲಿಸಿಕೊಡಿ ಎಂದು ಮೇಲ್ ಬಂತು. ನಮಗೆ ತಿಳಿದದ್ದನ್ನೆಲ್ಲ ಬರೆದು ಕೊಡುವ ಭಾರ ನನ್ನ ತಲೆಗೆ ಬಿತ್ತು. ನನ್ನ ಗುಂಡಿ ನಾನೇ ತೋಡಬೇಕು, ಅದೂ ಇಂಗ್ಲಿಷಿನಲ್ಲಿ.

ನಮ್ಮ ಯಜಮಾನರಿಗೆ ಮಂಚೇನಹಳ್ಳಿ ಹತ್ತಿರ ಎರಡೆಕರೆ ಹಿಪ್ಪುನೇರಳೆ ಇದೆ, ರೇಷ್ಮೆ ಹುಳ ಸಾಕುತ್ತಾರೆ, ಊಟಕ್ಕೇನೂ ಕೊರತೆಯಿಲ್ಲ. ಆದರೆ ಬೆಳಿಗ್ಗೆ ಎಂಟೂವರೆಯ ಬಸ್ಸು ಹತ್ತಿದ ಮೇಲೆ ಸಂಜೆ ಇಳಿಯುವವರೆಗೆ ನಾನು ಯಾರ ಸೊಸೆಯೂ ಅಲ್ಲ. ನಲವತ್ತಮೂರರಲ್ಲಿ ನನಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ಈ ಕುರ್ಚಿ ಹೋದರೆ ಹುಳದ ಮನೆಗೆ ಸೊಪ್ಪು ಹೊರುವುದೇ ಗತಿ. ಮದುವೆಯಾದ ಮೇಲೆ ಹದಿನೈದು ವರ್ಷ ಹೊತ್ತಿದ್ದೇನೆ, ಸಾಕಾಗಿದೆ.

ಬರೆಯುತ್ತ ಬರೆಯುತ್ತ ಲೈಫ್‌ಬೋಟಿನ ಕೊಕ್ಕೆಗೆ ಬಂದೆ. ಬೆಂಕಿಯೋ ಬಿರುಗಾಳಿಯೋ ಬಂದರೆ ಜನ ರಿಗ್ಗು ಬಿಟ್ಟು ಹೋಗುವ ದೋಣಿ ಅದು. ಕೊಕ್ಕೆ ಬಿಡಿಸುವ ಕೇಬಲ್ಲಿಗೆ ಕಂಪ್ಯೂಟರಿನಲ್ಲಿರುವ ನಂಬರೇ ತಪ್ಪು. ಆ ನಂಬರಿನ ಕೇಬಲ್ಲು ಜಾಗದಲ್ಲಿ ಕೂರುತ್ತದೆ, ಆದರೆ ಗಿಡ್ಡ. ಎಳೆದರೆ ಕೊಕ್ಕೆ ಬಿಡುವುದಿಲ್ಲ, ದೋಣಿ ರಿಗ್ಗಿನ ಹಗ್ಗಕ್ಕೇ ಸಿಕ್ಕಿಕೊಂಡಿರುತ್ತದೆ. ಐದು ವರ್ಷದ ಹಿಂದೆ ದೋಣಿ ಇಳಿಸುವ ಅಭ್ಯಾಸದಲ್ಲಿ ಇದನ್ನು ಕಂಡವನು ರಿಗ್ಗಿನ ಸ್ಟೋರ್ ನೋಡುವ ಹರಿಕೃಷ್ಣ, ನಮ್ಮ ಚಿಂತಾಮಣಿಯ ಹುಡುಗ. ತಿದ್ದಿ ಎಂದು ಮುಂಬೈಗೆ ಮೂರು ಸಲ ಬರೆದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದಿನಿಂದ ಪ್ರತಿ ಆರ್ಡರಿನಲ್ಲೂ ನಾನೇ ತಿದ್ದಿ ಕಳಿಸುತ್ತಿದ್ದೆ. ಅಕ್ಕ ನೋಡಿಕೊಳ್ಳುತ್ತಾರೆ ಎಂದು ಹರಿಕೃಷ್ಣ ಆಮೇಲೆ ಅಳೆದು ನೋಡುವುದನ್ನೂ ಬಿಟ್ಟಿದ್ದ.

ಪಕ್ಕದ ಸೀಟಿನ ಭಾನುಪ್ರಕಾಶ ನನ್ನ ಪರದೆಯ ಕಡೆ ಬಗ್ಗಿದ. ಅವನ ಹೆಂಡತಿಗೆ ಏಳು ತಿಂಗಳು. ಹೆರಿಗೆ ಕಳೆಯುವವರೆಗಾದರೂ ಕೆಲಸ ಉಳಿಯಲಿ ಎಂದು ಅವನು ದಿನಕ್ಕೊಂದು ಲೆಕ್ಕ ಹಾಕುತ್ತಿದ್ದ.

"ಅದೊಂದು ಬಿಟ್ಬಿಡು ಶೋಭಕ್ಕ. ಎರಡು ಸಲ ತಪ್ಪು ಸಾಮಾನು ಹೋದ್ರೆ ಅವ್ರೇ ನಮ್ಮನ್ನ ಕರೀತಾರೆ," ಎಂದ.

ಬಿಟ್ಟೆ. ಸುಳ್ಳೇಕೆ ಹೇಳಲಿ, ಖುಷಿಯಿಂದಲೇ ಬಿಟ್ಟೆ. ಕೊಕ್ಕೆಯ ಜೊತೆಗೆ ಇನ್ನೂ ಹತ್ತಾರು ಸಣ್ಣಪುಟ್ಟ ವಿಷಯ ನುಂಗಿಕೊಂಡು ಮೂವತ್ತು ಪುಟ ಮಾಡಿ ಶುಕ್ರವಾರ ಕಳಿಸಿದೆ. ಬಸ್ಸಿನಲ್ಲಿ ಸೀಟೂ ಸಿಕ್ಕಿತು.

ಶನಿವಾರ ಹರಿಕೃಷ್ಣನ ಫೋನು. ರಜೆ ಮುಗಿದು ಮಂಗಳವಾರ ಮತ್ತೆ ರಿಗ್ಗಿಗೆ ಹೊರಟಿದ್ದ. ಆಫೀಸು ಹೋಗುವ ಸುದ್ದಿ ಕೇಳಿ ಬೇಜಾರಾಯಿತು ಎಂದ, ಮಗಳು ಶಿರೀಷಾ ನಡೆಯುವುದು ಕಲಿತಳು ಎಂದ. ಕೊನೆಗೆ, "ಹೊಸಬ್ರು ಹೆಂಗೋ ಏನೋ. ನೀವು ಎಲ್ಲಾ ಹೇಳ್ಕೊಟ್ಟಿರ್ತೀರ ಬಿಡಿ ಅಕ್ಕ," ಎಂದ.

ಹ್ಞೂ ಎಂದೆ. ಆ ದೋಣಿಯಲ್ಲಿ ಅವನಿಗೂ ಒಂದು ಜಾಗವಿದೆ ಎನ್ನುವುದನ್ನು ನಾನು ಶುಕ್ರವಾರ ಯೋಚಿಸಲೇ ಇಲ್ಲವಲ್ಲ, ಎಂಥ ಹೆಂಗಸು ನಾನು ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸೋಮವಾರ ಯಾರಿಗೂ ಹೇಳದೆ ಕೊಕ್ಕೆಯ ವಿಷಯ ಕೆಂಪಕ್ಷರದಲ್ಲಿ ಬರೆದೆ. ಕೈ ನಿಲ್ಲಲಿಲ್ಲ. ನುಂಗಿದ್ದನ್ನೆಲ್ಲ ಕಕ್ಕಿದೆ. ಐವತ್ತೆರಡು ಪುಟವಾಯಿತು. ಕಳಿಸಿದೆ.

ಬುಧವಾರ ಮುಂಬೈಯಿಂದ ಉತ್ತರ ಬಂತು. ಇಷ್ಟು ಚೆನ್ನಾಗಿ ಬರೆದ ದಾಖಲೆ ನೋಡಿಯೇ ಇಲ್ಲವಂತೆ. ಇದನ್ನು ಓದಿಕೊಂಡೇ ಕಾಕಿನಾಡದವರು ಕೆಲಸ ಶುರು ಮಾಡಬಲ್ಲರಂತೆ. ಆದ್ದರಿಂದ ಮೂರು ತಿಂಗಳ ತರಬೇತಿ ಬೇಡ, ಈ ತಿಂಗಳ ಕೊನೆಗೇ ಕಚೇರಿ ಮುಚ್ಚುತ್ತೇವೆ, ಶೋಭಾರಾಣಿಯವರಿಗೆ ವಿಶೇಷ ಧನ್ಯವಾದ ಎಂದಿತ್ತು.

ಎಲ್ಲರ ಕಂಪ್ಯೂಟರಿಗೂ ಅದೇ ಮೇಲ್ ಬಂದಿತ್ತು. ಎಲ್ಲರೂ ನನ್ನ ಹೆಸರು ಓದಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಒಬ್ಬೊಬ್ಬರೇ ಎದ್ದು ಕೆಳಗೆ ಟೀ ಕುಡಿಯಲು ಹೋದರು. ದಿನಾ ಕರೆಯುವವರು ಅಂದು ನನ್ನನ್ನು ಕರೆಯಲಿಲ್ಲ.

ಭಾನುಪ್ರಕಾಶ ಕೂತೇ ಇದ್ದ.

"ಕೊಕ್ಕೆದೂ ಬರೆದ್ಯಾ ಅಕ್ಕ?"

"ಬರೆದೆ ಕಣಪ್ಪ."

ಅವನು ಬೆರಳು ಮಡಿಸಿ ಹೆರಿಗೆಗೆ ಉಳಿದ ತಿಂಗಳು ಎಣಿಸಿದ. ಆಮೇಲೆ, "ಹೋಗ್ಲಿ ಬಿಡು. ನಾನಾಗಿದ್ರೂ ಬರೀತಿದ್ದೆ," ಎಂದ.

ಬರೆಯುತ್ತಿರಲಿಲ್ಲ ಎಂದು ನನಗೆ ಗೊತ್ತು. ಆದರೂ ಅಂದು ಆ ಹತ್ತು ಜನರಲ್ಲಿ ನನ್ನನ್ನು ಮಾತಾಡಿಸಿದವನು ಅವನೊಬ್ಬನೇ.