ಫೋಟೋದ ಬೆನ್ನಿಗೆ ಅಂಟಿದ್ದ ಅರ್ಜಿ

ನಮ್ಮ ಊರಿನ ಮ್ಯೂಸಿಯಂಗೆ ಮೇಲ್ವಿಚಾರಕ ನಾನೇ, ಗುಮಾಸ್ತ ನಾನೇ, ದೂಳು ಹೊಡೆಯುವವನೂ ನಾನೇ. ಇಪ್ಪತ್ತೆರಡು ವರ್ಷದಿಂದ ಗೋಡೆಯ ಮೇಲಿನ ಒಂದೊಂದು ಚೀಟಿಯನ್ನೂ ನಾನೇ ಬರೆದಿದ್ದೇನೆ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ನೋಡಿದವರು ಹೇಳುತ್ತಾರೆ. ಆ ಸೊಕ್ಕು ನನಗಿತ್ತು.

ಐವತ್ತು ವರ್ಷದ ಹಿಂದೆ ನಮ್ಮೂರ ಗಿರಣಿಯ ಬಾಯ್ಲರ್ ಸಿಡಿದಾಗಿನ ಫೋಟೋದ ಕೆಳಗೆ, 'ಬಾಯ್ಲರ್ ಕಾಯುವವನ ಅಜಾಗರೂಕತೆಯಿಂದ ಒಂಬತ್ತು ಮಂದಿ ಸತ್ತರು' ಎಂದು ಬರೆದಿದ್ದೆ. ಮಾಲೀಕರ ವರದಿಯಲ್ಲಿ ಹಾಗಿತ್ತು, ನಾನು ಇಳಿಸಿಕೊಂಡೆ ಅಷ್ಟೆ. ಸತ್ತವರಲ್ಲಿ ಅವನೂ ಒಬ್ಬ. ಅವನ ಮಗಳು, ಹೊಲಿಗೆ ಕಲಿಸುವ ಟೀಚರ್, ತಿಂಗಳ ಮೊದಲ ಮಂಗಳವಾರ ತಪ್ಪದೆ ಬರುತ್ತಿದ್ದರು.

"ಸಾರ್, ವಾಲ್ವ್ ಕೆಟ್ಟಿದೆ ಅಂತ ಅಪ್ಪ ಅರ್ಜಿ ಬರೆದಿದ್ರು. ಮಸಿ ಕುಡಿಕೆ ನಾನೇ ಹಿಡ್ಕೊಂಡಿದ್ದೆ. ಸಿಕ್ತಾ?"

"ಎಲ್ಲಾ ಕಡತ ಜಾಲಾಡಿದೀನಮ್ಮ. ಇಲ್ಲ ಅಂದ್ರೆ ಇಲ್ಲ."

ಜಾಲಾಡಿದ್ದು ಎರಡೇ ಕಪಾಟು. ಅವರು ಹೊರಟ ಮೇಲೆ ಟಿಕೆಟ್ ಕೊಡುವವಳ ಮುಂದೆ, "ಬಾಯ್ಲರ್ ಅಜ್ಜಿ ಹಾಜರಿ ಹಾಕಿ ಹೋದ್ರು" ಎಂದು ನಗುತ್ತಿದ್ದೆ.

ಕಳೆದ ವಾರ ಆ ಫೋಟೋದ ಅಂಚು ಎದ್ದು ಬಂತು. ಒದ್ದೆ ಬಟ್ಟೆ ಒತ್ತಿ ಮೆಲ್ಲಗೆ ಬಿಡಿಸಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಫೋಟೋ ಸುರುಟಿಕೊಳ್ಳದಿರಲಿ ಎಂದು ಅದರ ಬೆನ್ನಿಗೆ ದಪ್ಪ ಕಾಗದ ಅಂಟಿಸುತ್ತಿದ್ದೆ. ಹೊಸ ಕಾಗದ ಯಾಕೆ ದಂಡ ಎಂದು, ಗಿರಣಿಯಿಂದ ಬಂದ ರದ್ದಿ ಕಟ್ಟಿನಿಂದ ಕೈಗೆ ಸಿಕ್ಕಿದ್ದನ್ನು ಎಳೆದುಕೊಳ್ಳುತ್ತಿದ್ದೆ. ಓದಿ ನೋಡುತ್ತಿರಲಿಲ್ಲ. ಈಗ ಬೆನ್ನಿನಿಂದ ಬಿಟ್ಟುಬಂದ ಆ ಕಾಗದವನ್ನು ಓದಿದೆ.

'ಒತ್ತಡ ಬಿಡುವ ವಾಲ್ವ್ ಕಚ್ಚಿಕೊಂಡಿದೆ. ಇದು ನನ್ನ ಮೂರನೇ ಅರ್ಜಿ. ದುರಸ್ತಿ ಆಗುವವರೆಗೆ ಬೆಂಕಿ ಹಾಕಿಸಬಾರದೆಂದು ಬೇಡಿಕೊಳ್ಳುತ್ತೇನೆ.' ಕೆಳಗೆ ಟೀಚರ್ ಅಪ್ಪನ ಸಹಿ, ಪಕ್ಕದಲ್ಲಿ ಗಿರಣಿ ಕಚೇರಿಯ ಸೀಲು. ಬಾಯ್ಲರ್ ಸಿಡಿಯುವುದಕ್ಕೆ ಹದಿನೆಂಟು ದಿನ ಮುಂಚಿನ ತಾರೀಖು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಊರನ್ನೂ ಹುಡುಕಿರಲಿಲ್ಲ.

ಮತ್ತೆ ಹಾಗೇ ಅಂಟಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಸುಳ್ಳೇಕೆ ಹೇಳಲಿ, ಅಂಟಿನ ಡಬ್ಬಿಯನ್ನು ತೆರೆದೂ ಇದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಗಿ ಮುಚ್ಚಿದೆ.

ಮಂಗಳವಾರ ಅವರು ಬಂದಾಗ ಅರ್ಜಿಯನ್ನು ಮೇಜಿನ ಮೇಲಿಟ್ಟೆ. ಓದಿದರು, ಇನ್ನೊಮ್ಮೆ ಓದಿದರು. ಸಹಿಯ ಮೇಲೆ ಬೆರಳಿಟ್ಟರು.

"ಎಷ್ಟು ಜೋಪಾನವಾಗಿ ಇಟ್ಟಿದೀರಿ ಸಾರ್! ಇಲ್ಲಾಂದ್ರೆ ಗೆದ್ದಲು ತಿಂದು ಹಾಕಿರೋದು."

ಅಲ್ಲೇ ಸುಮ್ಮನಾಗಬಹುದಿತ್ತು. ಆದರೆ ಆ ಹೊಗಳಿಕೆ ಕಪಾಳಕ್ಕೆ ಬಿಗಿದ ಹಾಗಾಯಿತು.

"ಜೋಪಾನ ಅಲ್ಲಮ್ಮ. ಆ ಫೋಟೋ ಬೆನ್ನಿಗೆ ನಾನೇ ಅಂಟಿಸಿದ್ದು. ಓದದೇನೇ. ಎಲ್ಲಾ ಹುಡುಕಿದೀನಿ ಅಂದಿದ್ದೂ ಸುಳ್ಳು."

ಅವರು ಅರ್ಜಿಯನ್ನು ನನ್ನ ಕಡೆಯಿಂದ ತಮ್ಮತ್ತ ಎಳೆದುಕೊಂಡರು.

"ಹೋದ ವರ್ಷದವರೆಗೂ ಅಮ್ಮ ಇದ್ರು" ಎಂದರು ಆಮೇಲೆ. "ನಿಮ್ಮ ಚೀಟಿ ಓದಿದ ಮೇಲೆ ಈ ಬೀದಿಗೆ ಕಾಲೇ ಇಡಲಿಲ್ಲ. ಆಸ್ಪತ್ರೆಗೆ ಹೋಗೋಕೂ ಸುತ್ತು ಹಾಕ್ಕೊಂಡು ಹೋಗ್ತಿದ್ರು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ.

ಹಳೆಯ ಚೀಟಿ ಕಿತ್ತು ಹೊಸದು ಬರೆಯಲು ಕೂತೆ. ಬಾಯ್ಲರ್ ಕಾಯುವವರು ಮೂರು ಸಲ ಎಚ್ಚರಿಸಿದ್ದರು ಎಂದು ಬರೆದೆ. ಅವರ ಅರ್ಜಿಯನ್ನು ಇಪ್ಪತ್ತೆರಡು ವರ್ಷ ಮುಚ್ಚಿ ಹಾಕಿದ್ದು ಈ ಮ್ಯೂಸಿಯಂನ ಮೇಲ್ವಿಚಾರಕ ಎಂದೂ ಬರೆದೆ. ಮುತ್ತಿನಂಥ ಅಕ್ಷರ ಸೊಟ್ಟಪಟ್ಟಗಾಯಿತು. ಚೀಟಿಯನ್ನು ಗೋಡೆಗೆ ಅಂಟಿಸಿ ಅವರತ್ತ ತಿರುಗಿದೆ.

"ಒಣಗೋಕೆ ಒಂದು ಗಂಟೆ ಬೇಕಮ್ಮ. ನೀವು ಹೊರಡಿ, ನಾನು ನೋಡ್ಕೋತೀನಿ."

ಅವರು ಮೂಲೆಯ ಕುರ್ಚಿ ಎಳೆದು ಗೋಡೆಯ ಮುಂದೆ ಹಾಕಿಕೊಂಡು ಕೂತರು.

"ಬೇಡ ಸಾರ್" ಎಂದರು, "ಒಣಗೋವರೆಗೂ ನಾನೇ ನೋಡ್ಕೋತೀನಿ."